ಮಧ್ಯಾಹ್ನದ ಯೂನಿಟ್, ಸಂಜೆಯ ಯೂನಿಟ್

ಎಲೆಕ್ಟ್ರಾನಿಕ್ ಮೀಟರುಗಳು ಬರುವ ಮುನ್ನ ಮನೆಮನೆಯ ಗೋಡೆಯ ಮೇಲಿದ್ದ ಕರಿ ಡಬ್ಬಿಯನ್ನು ನಲವತ್ತು ದಾಟಿದವರೆಲ್ಲ ನೋಡಿರುತ್ತಾರೆ. ಗಾಜಿನ ಹಿಂದೆ ಅಲ್ಯುಮಿನಿಯಂನ ತೆಳು ತಟ್ಟೆಯೊಂದು ಅಡ್ಡಲಾಗಿ ತಿರುಗುತ್ತಿತ್ತು. ಒಂದೇ ದೀಪ ಉರಿಯುತ್ತಿದ್ದರೆ ತೆವಳುವ ವೇಗ, ಇಸ್ತ್ರಿಪೆಟ್ಟಿಗೆ ಹಾಕಿದರೆ ಭರಭರ. ಆ ತಟ್ಟೆಗೆ ಯಾವ ತಂತಿಯೂ ತಗುಲಿರಲಿಲ್ಲ. ಅದರ ಹತ್ತಿರ ಎರಡು ತಂತಿಸುರುಳಿಗಳಿದ್ದವು. ಒಂದರಲ್ಲಿ ವೋಲ್ಟೇಜಿಗೆ ತಕ್ಕ ಕಾಂತಕ್ಷೇತ್ರ, ಇನ್ನೊಂದರಲ್ಲಿ ಮನೆಗೆ ಹರಿಯುವ ಕರೆಂಟಿಗೆ ತಕ್ಕ ಕಾಂತಕ್ಷೇತ್ರ. ಎರಡೂ ಸೇರಿ ತಟ್ಟೆಯೊಳಗೆ ಸುಳಿ ವಿದ್ಯುತ್ತನ್ನು ಹುಟ್ಟಿಸಿ ಅದನ್ನು ತಳ್ಳುತ್ತಿದ್ದವು. ತಳ್ಳುವ ಬಲ ಮನೆ ಆ ಕ್ಷಣಕ್ಕೆ ಎಳೆಯುತ್ತಿದ್ದ ಶಕ್ತಿಗೆ ಅನುಗುಣವಾಗಿರುತ್ತಿತ್ತು. ತಟ್ಟೆ ಸುತ್ತಿದ ಸುತ್ತುಗಳ ಲೆಕ್ಕವೇ ಯೂನಿಟ್‌ಗಳ ಲೆಕ್ಕ.

ಈ ರಚನೆಯಲ್ಲಿ ಯಾರೂ ಬೇಡದೆ ಬಂದ ಒಂದು ಗುಣವಿತ್ತು. ವಿದ್ಯುತ್ತು ಮನೆಯಿಂದ ಬೀದಿಯ ಕಡೆಗೆ ಹರಿದರೆ ಬಲದ ದಿಕ್ಕು ಬದಲಾಗಿ ತಟ್ಟೆ ಹಿಂದಕ್ಕೆ ತಿರುಗುತ್ತಿತ್ತು, ಅಂಕಿಗಳು ಇಳಿಯುತ್ತಿದ್ದವು. ಮನೆಯಿಂದ ಬೀದಿಗೆ ವಿದ್ಯುತ್ತು ಹೋಗುವ ಕಾಲ ಬಂದೀತೆಂದು ಆ ಮೀಟರನ್ನು ರೂಪಿಸಿದವರು ಯೋಚಿಸಿರಲಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಾಸ್ತುಶಿಲ್ಪಿ ಸ್ಟೀವನ್ ಸ್ಟ್ರಾಂಗ್ ತಾವು ಕಟ್ಟಿಸಿದ ವಸತಿ ಸಮುಚ್ಚಯದ ಮೇಲೆ ಸೌರ ಫಲಕಗಳನ್ನು ಕೂರಿಸಿದಾಗ, ಮಿಕ್ಕ ವಿದ್ಯುತ್ತನ್ನು ಎಲ್ಲಿಗೆ ಕಳಿಸುವುದೆಂಬ ಪ್ರಶ್ನೆಗೆ ಮೀಟರೇ ಉತ್ತರ ಕೊಟ್ಟಿತು. ಹಗಲು ಹಿಂದಕ್ಕೆ, ರಾತ್ರಿ ಮುಂದಕ್ಕೆ. ತಿಂಗಳ ಕೊನೆಯಲ್ಲಿ ಎಷ್ಟು ಉಳಿಯಿತೋ ಅಷ್ಟಕ್ಕೆ ಬಿಲ್ಲು. 1983ರಲ್ಲಿ ಮಿನ್ನೆಸೋಟ ರಾಜ್ಯ ಇದನ್ನೇ ಕಾನೂನು ಮಾಡಿತು. ನೆಟ್ ಮೀಟರಿಂಗ್ ಎಂದು ಇಂದು ಜಗತ್ತಿನಾದ್ಯಂತ ಆಯೋಗಗಳೂ ನ್ಯಾಯಾಲಯಗಳೂ ಚರ್ಚಿಸುವ ನೀತಿಯ ಬೇರು ಇರುವುದು ಒಂದು ಯಂತ್ರದ ಈ ಸ್ವಭಾವದಲ್ಲಿ. ಅರ್ಥಶಾಸ್ತ್ರ ಅದರ ಬೆನ್ನಿಗೆ ಬಂದದ್ದು ಬಹಳ ತಡವಾಗಿ.

ಈಗಿನ ಎರಡು ದಿಕ್ಕಿನ ಮೀಟರುಗಳು ಒಳಬಂದ ಯೂನಿಟ್ಟುಗಳನ್ನೂ ಹೊರಹೋದ ಯೂನಿಟ್ಟುಗಳನ್ನೂ ಬೇರೆಬೇರೆ ಖಾನೆಯಲ್ಲಿ ಬರೆದಿಡುತ್ತವೆ. ಹಾಗಾಗಿ ಅವೆರಡಕ್ಕೂ ಒಂದೇ ಬೆಲೆ ಕಟ್ಟಬೇಕೆಂಬ ಯಾಂತ್ರಿಕ ಒತ್ತಾಯ ಈಗ ಇಲ್ಲ. ಅದು ಪೂರ್ತಿಯಾಗಿ ನಾವು ಮಾಡಬೇಕಾದ ಆಯ್ಕೆ. ಆಯ್ಕೆ ಬದಲಾದರೆ ತಾರಸಿಗಳ ಮೇಲೆ ಏನು ಬದಲಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು.

ಬೆಂಗಳೂರಿನಲ್ಲಿ 1 ಕಿಲೋವಾಟ್ ಫಲಕಗಳು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತವೆ. ಸುಮಾರು 300 ಚದರಡಿ ತಾರಸಿಯಲ್ಲಿ 3 ಕಿಲೋವಾಟ್ ಕೂರಿಸಿದ ಮನೆಯೊಂದನ್ನು ಊಹಿಸಿಕೊಳ್ಳಿ. ತಿಂಗಳಿಗೆ 360 ಯೂನಿಟ್ ಉತ್ಪಾದನೆ. ಮನೆಯ ಬಳಕೆ 300 ಯೂನಿಟ್ ಎನ್ನೋಣ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗುವ ಮನೆ. ಬಿಸಿಲಿರುವಾಗಲೇ ಬಳಸುವುದು 100 ಯೂನಿಟ್. ಉಳಿದ 260 ಬೀದಿಗೆ ಹೋಗುತ್ತದೆ, ರಾತ್ರಿ ಮತ್ತು ಬೆಳಗಿನ ಜಾವಕ್ಕೆ 200 ಬೀದಿಯಿಂದ ಬರುತ್ತದೆ. ಕೊಳ್ಳುವ ಯೂನಿಟ್ಟಿಗೆ 5 ರೂ. 80 ಪೈಸೆ, ಮಾರುವ ಯೂನಿಟ್ಟಿಗೆ ಲೆಕ್ಕದ ಅನುಕೂಲಕ್ಕಾಗಿ 3 ರೂಪಾಯಿ ಇಟ್ಟುಕೊಳ್ಳೋಣ.

ನೆಟ್ ಮೀಟರಿಂಗ್ ಇದ್ದರೆ 260ರಲ್ಲಿ 200 ವಜಾ ಆಗಿ, ಮಿಕ್ಕ 60ಕ್ಕೆ 180 ರೂಪಾಯಿ ಮನೆಗೇ ಬರುತ್ತದೆ. ಫಲಕಗಳಿಲ್ಲದಿದ್ದರೆ 1,740 ರೂಪಾಯಿ ಕಟ್ಟಬೇಕಿತ್ತು. ಅಂದರೆ ತಿಂಗಳ ಲಾಭ 1,920. ಎರಡನೆಯದು ನೆಟ್ ಬಿಲ್ಲಿಂಗ್: ಕೊಂಡದ್ದಕ್ಕೆ ಅದರ ಬೆಲೆ, ಕೊಟ್ಟದ್ದಕ್ಕೆ ಅದರ ಬೆಲೆ. 200 ಯೂನಿಟ್ಟಿಗೆ 1,160 ಕಟ್ಟಿ, 260ಕ್ಕೆ 780 ಪಡೆದರೆ ಲಾಭ 1,360ಕ್ಕೆ ಇಳಿಯುತ್ತದೆ. ಮೂರನೆಯದು ಗ್ರಾಸ್ ಮೀಟರಿಂಗ್. ಅದರಲ್ಲಿ ಫಲಕದ ವಿದ್ಯುತ್ತೆಲ್ಲ ನೇರ ಬೀದಿಗೆ ಹೋಗುತ್ತದೆ, ಮನೆ ತನ್ನ ಬಳಕೆಯನ್ನೆಲ್ಲ ಪೂರ್ತಿ ದರಕ್ಕೆ ಕೊಳ್ಳುತ್ತದೆ. ಆಗ ಲಾಭ 1,080. ಮೂರಕ್ಕೂ ಅದೇ ಫಲಕ, ಅದೇ ಬಿಸಿಲು, ಅದೇ ತಾರಸಿ. ಸಹಾಯಧನ ಕಳೆದು ಮನೆಯವರು ಸುಮಾರು ಒಂದು ಲಕ್ಷ ರೂಪಾಯಿ ಹಾಕಿದ್ದರೆ ಆ ದುಡ್ಡು ಮೊದಲನೆಯ ಪದ್ಧತಿಯಲ್ಲಿ ನಾಲ್ಕೂವರೆ ವರ್ಷದೊಳಗೆ, ಎರಡನೆಯದರಲ್ಲಿ ಆರು ವರ್ಷ ದಾಟಿ, ಮೂರನೆಯದರಲ್ಲಿ ಎಂಟು ವರ್ಷದ ಹತ್ತಿರಕ್ಕೆ ವಾಪಸು ಬರುತ್ತದೆ. ನಾಲ್ಕು ವರ್ಷವಾದರೆ ಮಧ್ಯಮ ವರ್ಗದ ಮನೆ ಸಾಲ ಮಾಡಿಯಾದರೂ ಮುಂದೆ ಬರುತ್ತದೆ. ಎಂಟು ವರ್ಷ ಎಂದರೆ ಮನೆ ಮಾರಿ ಹೋಗಬೇಕಾದೀತು, ವರ್ಗಾವಣೆ ಆದೀತು ಎಂದು ಹಿಂದೆ ಸರಿಯುತ್ತದೆ. ನೀತಿಯೊಂದು ತಾರಸಿಗಳನ್ನು ತುಂಬಿಸುವುದೂ ಖಾಲಿ ಬಿಡುವುದೂ ಇಷ್ಟು ಸಣ್ಣ ಗುಣಾಕಾರದಲ್ಲಿ ತೀರ್ಮಾನವಾಗುತ್ತದೆ.

ಇನ್ನೊಂದು ನಿಯಮದ ಕಡೆ ಯಾರ ಗಮನವೂ ಹೋಗುವುದಿಲ್ಲ. ಮಿಕ್ಕ ಯೂನಿಟ್ಟುಗಳ ಲೆಕ್ಕವನ್ನು ಎಷ್ಟು ದಿನಕ್ಕೊಮ್ಮೆ ಚುಕ್ತಾ ಮಾಡಬೇಕು? ತಿಂಗಳಿಗೊಮ್ಮೆ ಮಾಡಿದರೆ ಸಾಗರ, ತೀರ್ಥಹಳ್ಳಿ ಕಡೆಯ ಮನೆಗೆ ನಷ್ಟ. ಮಾರ್ಚಿ, ಏಪ್ರಿಲ್‌ನಲ್ಲಿ ಉಳಿಸಿದ್ದು ಅಗ್ಗದ ದರಕ್ಕೆ ಹೋಗುತ್ತದೆ, ಜುಲೈ ಮಳೆಯಲ್ಲಿ ಫಲಕಗಳು ಮಂಕಾದಾಗ ಪೂರ್ತಿ ದರಕ್ಕೆ ಕೊಳ್ಳಬೇಕಾಗುತ್ತದೆ. ವರ್ಷಕ್ಕೊಮ್ಮೆ ಚುಕ್ತಾ ಮಾಡಿದರೆ ಬೇಸಿಗೆಯ ಉಳಿಕೆ ಮಳೆಗಾಲಕ್ಕೆ ಒದಗುತ್ತದೆ.

ಇಷ್ಟು ಮನೆಯ ಕಡೆಯ ಲೆಕ್ಕ. ಇನ್ನು ಬೀದಿಯ ಕಡೆ ಹೋಗೋಣ.

ತಾರಸಿಯಿಂದ ಹೊರಟ ವಿದ್ಯುತ್ತು ದೂರ ಪ್ರಯಾಣ ಮಾಡುವುದಿಲ್ಲ. ಪಕ್ಕದ ಮನೆಯ ಫ್ರಿಜ್ಜಿಗೆ, ಎದುರಿನ ಹಿಟ್ಟಿನ ಗಿರಣಿಗೆ ಹೋಗಿ ಅಲ್ಲೇ ಖರ್ಚಾಗುತ್ತದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಿಂದ ನೂರಾರು ಕಿಲೋಮೀಟರ್ ತಂತಿಯಲ್ಲಿ ಬಿಸಿಯಾಗಿ ಸೋರುತ್ತಾ ಬರುವ ವಿದ್ಯುತ್ತಿಗೆ ಹೋಲಿಸಿದರೆ ಇದರ ಸಾಗಾಟದ ನಷ್ಟ ನಗಣ್ಯ. ಬೀದಿಯಲ್ಲಿ ಒಂದೋ ಎರಡೋ ಮನೆಗಳಿಗೆ ಫಲಕ ಇರುವ ತನಕ ಟ್ರಾನ್ಸ್‌ಫಾರ್ಮರ್‌ಗೆ ಅದು ಉಪಕಾರ. ಮಧ್ಯಾಹ್ನದ ಹೊರೆ ಕಡಿಮೆಯಾಗಿ ಅದು ತಣ್ಣಗಿರುತ್ತದೆ.

ಮನೆಗಳ ಸಂಖ್ಯೆ ಬೆಳೆದಂತೆ ಚಿತ್ರ ಬದಲಾಗುತ್ತದೆ. ಫಲಕಗಳ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದುವಂತೆ ಬದಲಿಸುವ ಇನ್ವರ್ಟರು ಅದನ್ನು ತಂತಿಗೆ ದಾಟಿಸಬೇಕಾದರೆ ತಂತಿಯ ವೋಲ್ಟೇಜಿಗಿಂತ ತನ್ನದನ್ನು ಕೊಂಚ ಮೇಲಿಡಬೇಕು. ಹತ್ತು ಮನೆಗಳು ಹೀಗೆ ತಳ್ಳಿದರೆ ಸಾಲಿನ ತುದಿಯಲ್ಲಿರುವ ಮನೆಗಳ ಬಳಿ ವೋಲ್ಟೇಜು ಏರುತ್ತಾ ಹೋಗುತ್ತದೆ. 230 ವೋಲ್ಟ್‌ಗಿಂತ ಶೇ. 6ರಷ್ಟು ಹೆಚ್ಚು ಕಡಿಮೆ ಇರಬಹುದೆಂಬುದು ನಮ್ಮಲ್ಲಿನ ಮಿತಿ. ಅದನ್ನೂ ಮೀರಿ ಏರುತ್ತಾ ಹೋದರೆ ಇನ್ವರ್ಟರುಗಳು ತಾವಾಗಿಯೇ ಕಳಚಿಕೊಳ್ಳುತ್ತವೆ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲೇ ಉತ್ಪಾದನೆ ನಿಲ್ಲುತ್ತದೆ. ಬೀದಿಯ ಒಟ್ಟು ಉತ್ಪಾದನೆ ಬೀದಿಯ ಬಳಕೆಯನ್ನು ಮೀರಿದಾಗ ವಿದ್ಯುತ್ತು ಟ್ರಾನ್ಸ್‌ಫಾರ್ಮರನ್ನು ಹಿಮ್ಮುಖವಾಗಿ ದಾಟಿ 11 ಕೆವಿ ಸಾಲಿಗೆ ಏರುತ್ತದೆ. ಒಂದೇ ದಿಕ್ಕಿನ ಹರಿವನ್ನು ನಂಬಿ ಹಾಕಿದ ರಕ್ಷಣಾ ಉಪಕರಣಗಳಿಗೆ ಇದು ಹೊಸ ಪರಿಸ್ಥಿತಿ. ಹವಾಯಿ ದ್ವೀಪಗಳಲ್ಲಿ 2013ರ ಹೊತ್ತಿಗೇ ಹೀಗಾಗಿ, ತಾರಸಿಗೆ ಫಲಕ ಕೊಂಡ ಜನ ಜೋಡಣೆಯ ಅನುಮತಿಗಾಗಿ ಕಾದು ಕುಳಿತಿದ್ದರು. 2015ರ ಅಕ್ಟೋಬರ್‌ನಲ್ಲಿ ಅಲ್ಲಿ ಹೊಸಬರಿಗೆ ನೆಟ್ ಮೀಟರಿಂಗ್ ಮುಚ್ಚಿತು.

ಲೈನ್‌ಮನ್‌ಗಳ ಜೀವಕ್ಕೆ ಸಂಬಂಧಿಸಿದ ಮಾತೊಂದನ್ನು ಇಲ್ಲೇ ಹೇಳಬೇಕು. ಕರೆಂಟು ಹೋದಾಗ ಸೌರ ಮನೆಗೂ ಕತ್ತಲೆ ಏಕೆ ಎಂದು ಬಹಳ ಜನ ಕೇಳುತ್ತಾರೆ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಇನ್ವರ್ಟರು ಸಾಲಿನಲ್ಲಿ ವೋಲ್ಟೇಜು ಕಾಣದ ಕೂಡಲೇ ನಿಂತುಬಿಡುವಂತೆ ಮಾಡಿರುತ್ತಾರೆ. ಕಂಬ ಹತ್ತಿದವನು ಸಾಲು ಸತ್ತಿದೆ ಎಂದು ನಂಬಿ ತಂತಿ ಮುಟ್ಟಿದಾಗ ಯಾರದೋ ತಾರಸಿಯಿಂದ ವಿದ್ಯುತ್ತು ಹರಿದು ಬರಬಾರದು. ಈ ಕಟ್ಟುಪಾಡಿನಲ್ಲಿ ಸಡಿಲಿಕೆ ಕೂಡದು.

ವೋಲ್ಟೇಜಿನ ಸಮಸ್ಯೆಗೆ ಎಂಜಿನಿಯರುಗಳ ಬಳಿ ಮದ್ದಿದೆ: ದಪ್ಪ ತಂತಿ, ದೊಡ್ಡ ಟ್ರಾನ್ಸ್‌ಫಾರ್ಮರ್, ಜಾಣ ಇನ್ವರ್ಟರು. ಕಠಿಣವಾದದ್ದು ಹೊತ್ತಿನ ಸಮಸ್ಯೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ತರುವ ರೈತ, ಊರೆಲ್ಲ ಹಣ್ಣು ಸುರಿದ ದಿನ ಒಂದು ಬಾಕ್ಸು ಕೊಟ್ಟು, ಟೊಮೆಟೊ ಸಿಗದ ದಿನ ಅದಕ್ಕೆ ಬದಲು ಒಂದು ಬಾಕ್ಸು ವಾಪಸು ಕೊಡಿ ಎಂದು ಕೇಳಿದರೆ ಮಂಡಿಯವನು ಒಪ್ಪುತ್ತಾನೆಯೇ? ನೆಟ್ ಮೀಟರಿಂಗ್ ವಿತರಣಾ ಕಂಪನಿಯಿಂದ ಕೇಳುವುದು ಇದನ್ನೇ. ಮಧ್ಯಾಹ್ನ ಒಂದು ಗಂಟೆಗೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕೂ ಉರಿಯುತ್ತಿರುತ್ತದೆ, ತಾರಸಿಗಳೂ ಉರಿಯುತ್ತಿರುತ್ತವೆ. ಸಂಜೆ ಏಳಕ್ಕೆ ಎರಡೂ ಸೊನ್ನೆ. ದೀಪ, ಟಿವಿ, ಮಿಕ್ಸಿ, ಎಸಿ ಎಲ್ಲವೂ ಒಟ್ಟಿಗೆ ಚಾಲೂ ಆಗುವುದು ಅದೇ ಹೊತ್ತಿಗೆ.

ಕ್ಯಾಲಿಫೋರ್ನಿಯದ ಗ್ರಿಡ್ ನಿರ್ವಾಹಕರು 2013ರಲ್ಲಿ ಇದನ್ನು ಒಂದು ರೇಖೆಯಲ್ಲಿ ಬರೆದು ತೋರಿಸಿದರು. ದಿನದ ಬೇಡಿಕೆಯಿಂದ ಸೌರ ಮತ್ತು ಗಾಳಿಯ ಉತ್ಪಾದನೆ ಕಳೆದು ಉಳಿದದ್ದನ್ನು ಗಂಟೆ ಗಂಟೆಗೂ ಗುರುತಿಸಿದರೆ ಹಗಲಿನಲ್ಲಿ ಹೊಟ್ಟೆಯಂತೆ ತಗ್ಗುವ, ಸಂಜೆ ಕತ್ತಿನಂತೆ ಸೆಟೆಯುವ ಬಾತುಕೋಳಿಯ ಆಕಾರ ಬರುತ್ತದೆ. ಮೂರು ಗಂಟೆಗಳಲ್ಲಿ 13,000 ಮೆಗಾವಾಟ್‌ನಷ್ಟು ಬೇರೆ ಸ್ಥಾವರಗಳನ್ನು ಎಬ್ಬಿಸಬೇಕಾದೀತು ಎಂದು ಅವರು ಎಚ್ಚರಿಸಿದ್ದರು. ಕಲ್ಲಿದ್ದಲಿನ ಸ್ಥಾವರವನ್ನು ಸ್ವಿಚ್ಚು ಹಾಕಿದಂತೆ ಎಬ್ಬಿಸಲಾಗದು. ಹಗಲೆಲ್ಲ ಕಡಿಮೆ ಉರಿಯಲ್ಲಿ ಬೇಯಿಸುತ್ತ ಇಡಬೇಕು, ಸಂಜೆಗೆ ಏರಿಸಬೇಕು. ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ದೊಡ್ಡ ಅದೃಷ್ಟವಿದೆ. ಶರಾವತಿಯ 1,035 ಮೆಗಾವಾಟ್ ಜಲವಿದ್ಯುತ್ತು ನಿಮಿಷಗಳಲ್ಲಿ ಏಳುತ್ತದೆ, ನಿಮಿಷಗಳಲ್ಲಿ ಇಳಿಯುತ್ತದೆ. ಆ ನೀರನ್ನು ಸಂಜೆಗೆಂದು ಉಳಿಸಿಕೊಡುವುದೇ ಮಧ್ಯಾಹ್ನದ ಸೌರ ಯೂನಿಟ್ಟು ಮಾಡುವ ನಿಜವಾದ ಉಪಕಾರ ಎಂದು ನನಗೆ ತೋರುತ್ತದೆ. ಎರಡನೆಯ ಅದೃಷ್ಟ ನೀರಾವರಿ ಪಂಪ್‌ಸೆಟ್ಟುಗಳು. ರಾತ್ರಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಮೋಟಾರು ಹಾಕಲು ಹೋಗುತ್ತಿದ್ದ ರೈತನಿಗೆ ಹಗಲಿನಲ್ಲಿ ತ್ರೀ ಫೇಸ್ ಕೊಟ್ಟರೆ, ಲಕ್ಷಾಂತರ ಪಂಪುಗಳು ಬಿಸಿಲಿನ ವಿದ್ಯುತ್ತನ್ನು ನೀರಾಗಿ ಹೀರಿಕೊಳ್ಳುತ್ತವೆ.

ಈಗ ದುಡ್ಡಿನ ಮಾತು. ನೆಟ್ ಮೀಟರಿಂಗ್ ವಿರುದ್ಧ ಎಲ್ಲ ದೇಶಗಳಲ್ಲೂ ಕೇಳುವ ವಾದ ಒಂದೇ. ವಿತರಣಾ ಕಂಪನಿ, ಅಂದರೆ ಎಸ್ಕಾಂ, ನಮಗೆ ಮಾರುವ ಯೂನಿಟ್ಟಿನ ಬೆಲೆಯಲ್ಲಿ ವಿದ್ಯುತ್ತಿನ ಬೆಲೆ ಒಂದು ಪಾಲು ಮಾತ್ರ. ಕಂಬ, ತಂತಿ, ಉಪಕೇಂದ್ರ, ಸಿಬ್ಬಂದಿಯ ಸಂಬಳ, ಸೋರಿಕೆ ಎಲ್ಲವೂ ಅದರಲ್ಲೇ ಸೇರಿವೆ. ಶಾಖೋತ್ಪನ್ನ ಸ್ಥಾವರಗಳ ಜತೆಗಿನ ಒಪ್ಪಂದದಲ್ಲಿ ಎರಡು ಭಾಗಗಳಿರುತ್ತವೆ: ಸುಟ್ಟ ಕಲ್ಲಿದ್ದಲಿಗೆ ಒಂದು ಬೆಲೆ, ಸ್ಥಾವರ ಸಿದ್ಧವಾಗಿ ನಿಂತಿದ್ದಕ್ಕೆ ಇನ್ನೊಂದು ಬೆಲೆ. ಎರಡನೆಯದನ್ನು ವಿದ್ಯುತ್ತು ಕೊಳ್ಳದಿದ್ದರೂ ಕಟ್ಟಬೇಕು. ಸೌರ ಮನೆ ಒಂದು ಯೂನಿಟ್ಟು ಕಡಿಮೆ ಕೊಂಡಾಗ ಎಸ್ಕಾಂಗೆ ಉಳಿಯುವುದು ಕಲ್ಲಿದ್ದಲಿನ ಖರ್ಚು ಮಾತ್ರ, ಕಳೆದುಹೋಗುವುದು ಇಡೀ ಯೂನಿಟ್ಟಿನ ಬೆಲೆ. ಆ ಕೊರತೆಯನ್ನು ಫಲಕ ಇಲ್ಲದವರ ಬಿಲ್ಲಿಗೆ ಸೇರಿಸುತ್ತಾರೆ. ಬಿಲ್ಲು ಏರಿದಂತೆ ಇನ್ನಷ್ಟು ಉಳ್ಳವರು ಫಲಕ ಹಾಕುತ್ತಾರೆ. ಬಾಡಿಗೆ ಮನೆಯವರು, ತಾರಸಿ ಇಲ್ಲದವರು, ಶೀಟಿನ ಮನೆಯವರು ಉಳಿದು ಹೊರೆ ಹೊರುತ್ತಾರೆ.

ವಾದದಲ್ಲಿ ಸತ್ಯವಿದೆ. ಆದರೆ ಕ್ಯಾಲಿಫೋರ್ನಿಯದಿಂದ ಅದನ್ನು ಎತ್ತಿ ತಂದು ಕರ್ನಾಟಕದ ಮೇಲೆ ಇಡುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಮನೆಗಳು ಖರ್ಚಿಗಿಂತ ಹೆಚ್ಚು ತೆರುತ್ತವೆ. ನಮ್ಮಲ್ಲಿ ಪೂರೈಕೆಯ ಸರಾಸರಿ ಖರ್ಚಿಗಿಂತ ಕಡಿಮೆ ದರಕ್ಕೆ ವಿದ್ಯುತ್ತು ಪಡೆಯುವ ಮನೆಗಳು ಬಹಳ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಈ ಕೊರತೆಯನ್ನು ತುಂಬುವುದು ಸರ್ಕಾರದ ಖಜಾನೆ ಮತ್ತು ಹೆಚ್ಚು ದರ ಕಟ್ಟುವ ಅಂಗಡಿ, ಕಚೇರಿ, ಕಾರ್ಖಾನೆಗಳು. ಮಾಲ್ ಒಂದು ತನ್ನ ಚಾವಣಿಯಲ್ಲಿ 500 ಕಿಲೋವಾಟ್ ಹಾಕಿಕೊಂಡು ಮೀಟರನ್ನು ಹಿಂದಕ್ಕೆ ತಿರುಗಿಸಿದರೆ ಎಸ್ಕಾಂ ತನ್ನ ಬೆಲೆಬಾಳುವ ಗಿರಾಕಿಯನ್ನು ಕಳೆದುಕೊಳ್ಳುತ್ತದೆ. ಸಣ್ಣ ಮನೆ ಹಾಕಿಕೊಂಡರೆ ಕಳೆದುಕೊಳ್ಳುವುದು ಅತ್ಯಲ್ಪ. ಕೆಲವೊಮ್ಮೆ ನಷ್ಟದ ಗಿರಾಕಿಯೊಬ್ಬನ ಹೊರೆಯೇ ಇಳಿಯುತ್ತದೆ. ಇಬ್ಬರಿಗೂ ಒಂದೇ ನಿಯಮ, ಒಂದೇ ವಾದ ಸಲ್ಲದು. ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮ ಹೊರಡಿಸಿದಾಗ 10 ಕಿಲೋವಾಟ್‌ವರೆಗೆ ಮಾತ್ರ ನೆಟ್ ಮೀಟರಿಂಗ್ ಎಂದಿತ್ತು. ಕೈಗಾರಿಕೆ ಮತ್ತು ಸೌರೋದ್ಯಮದ ವಿರೋಧದ ಮೇಲೆ 2021ರ ಜೂನ್‌ನಲ್ಲಿ ಅದನ್ನು 500 ಕಿಲೋವಾಟ್‌ಗೆ ಏರಿಸಿತು. ಆರು ತಿಂಗಳಲ್ಲಿ ಐವತ್ತು ಪಟ್ಟು. ಎಳೆದಾಟ ಎಷ್ಟಿತ್ತೆಂದು ಇದರಿಂದಲೇ ತಿಳಿಯುತ್ತದೆ.

ಕರ್ನಾಟಕದ ಕತೆ ಇದಕ್ಕಿಂತ ಹಿಂದಿನಿಂದ ಆರಂಭವಾಗುತ್ತದೆ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿಯ ಮಿಕ್ಕ ಯೂನಿಟ್ಟಿಗೆ 9 ರೂ. 56 ಪೈಸೆ ನಿಗದಿ ಮಾಡಿತು. ಸಹಾಯಧನ ಪಡೆದವರಿಗೆ 7 ರೂ. 20 ಪೈಸೆ. 2014ರ ನವೆಂಬರ್‌ನಲ್ಲಿ ಬೆಸ್ಕಾಂ ಯೋಜನೆಯನ್ನು ಜಾರಿಗೆ ತಂದಿತು. ಫಲಕಗಳು ಆಗ ದುಬಾರಿ. ಮೊದಲಿಗೆ ಬರುವವರಿಗೆ ಧೈರ್ಯ ತುಂಬಲು ಇಷ್ಟು ಬೆಲೆ ಬೇಕಿತ್ತು. ಆದರೆ ಕೊಳ್ಳುವ ಬೆಲೆಗಿಂತ ಮಾರುವ ಬೆಲೆ ಮೇಲಿದ್ದರೆ ಮನೆಯ ಬಳಕೆಗೆಂದು ಹಾಕುವ ಫಲಕ ಮಾರಾಟಕ್ಕೆಂದು ಹಾಕುವ ಫಲಕವಾಗುತ್ತದೆ. ನೂರಾರು ಕಿಲೋವಾಟ್‌ನ ಘಟಕಗಳಿಗೆ ಅರ್ಜಿಗಳು ಬಂದವು. ಅಷ್ಟರಲ್ಲಿ ಫಲಕಗಳ ಬೆಲೆ ಜಗತ್ತಿನಾದ್ಯಂತ ಕುಸಿಯಿತು. 2016ರ ಮೇ ತಿಂಗಳಲ್ಲಿ ಆಯೋಗ ದರವನ್ನು ಘಟಕದ ಗಾತ್ರದ ಮೇಲೆ 7 ರೂ. 08 ಪೈಸೆಯಿಂದ 5 ರೂ. 20 ಪೈಸೆಯವರೆಗೆ ಇಳಿಸಿತು. ಹಳೆಯ ಒಪ್ಪಂದ ಮಾಡಿಕೊಂಡು ಅವಧಿಯೊಳಗೆ ಕೆಲಸ ಮುಗಿಸದವರಿಗೆ ಯಾವ ದರ ಎಂಬ ವ್ಯಾಜ್ಯಗಳು ಬಹುಕಾಲ ನಡೆದವು. ದರ ಇಳಿಸಿದ್ದು ಸರಿಯಾಗಿತ್ತು. ಏಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ, ಇಷ್ಟು ಮೆಗಾವಾಟ್ ಆದ ಮೇಲೆ ಇಷ್ಟು ಇಳಿಯುತ್ತದೆ ಎಂದು ಮೊದಲ ದಿನವೇ ಹೇಳಿದ್ದರೆ ಬಹಳಷ್ಟು ಜಗಳ ತಪ್ಪುತ್ತಿತ್ತು.

ಮೆಟ್ಟಿಲು ಇಲ್ಲದೆ ಧುಮುಕಿದರೆ ಏನಾಗುತ್ತದೆ ಎಂಬುದಕ್ಕೆ ನೆವಾಡ ಸಾಕ್ಷಿ. ಮರುಭೂಮಿಯ ಆ ರಾಜ್ಯದ ನಿಯಂತ್ರಣ ಆಯೋಗ 2015ರ ಡಿಸೆಂಬರ್‌ನಲ್ಲಿ, ಮಿಕ್ಕ ಯೂನಿಟ್ಟಿನ ಬೆಲೆಯನ್ನು ಹಂತಹಂತವಾಗಿ ಕಾಲುಭಾಗದಷ್ಟಕ್ಕೆ ತರುವ, ತಿಂಗಳ ನಿಗದಿತ ಶುಲ್ಕವನ್ನು ಮೂರು ಪಟ್ಟು ಏರಿಸುವ ಆದೇಶ ಹೊರಡಿಸಿತು. ಅಲ್ಲಿಯವರೆಗಿನ ನಿಯಮ ನಂಬಿ ಸಾಲ ಮಾಡಿ ಫಲಕ ಹಾಕಿಸಿದ್ದ ಸಾವಿರಾರು ಮನೆಗಳನ್ನೂ ಅದು ಬಿಡಲಿಲ್ಲ. ವಾರಗಳೊಳಗೆ ದೊಡ್ಡ ಸೌರ ಕಂಪನಿಗಳು ರಾಜ್ಯ ಬಿಟ್ಟವು. ಸೋಲಾರ್‌ಸಿಟಿ ಒಂದೇ 550 ಜನರನ್ನು ಕೆಲಸದಿಂದ ತೆಗೆಯಿತು. ಜನ ಬೀದಿಗಿಳಿದರು. ಮರುವರ್ಷ ಹಳಬರಿಗೆ ಹಳೆಯ ದರ ಮರಳಿತು. 2017ರಲ್ಲಿ ಶಾಸನಸಭೆ ಹೊಸ ಕಾನೂನು ಮಾಡಿ ಮಿಕ್ಕ ಯೂನಿಟ್ಟಿಗೆ ಚಿಲ್ಲರೆ ದರದ ಶೇ. 95 ನಿಗದಿ ಮಾಡಿತು. ಪ್ರತಿ 80 ಮೆಗಾವಾಟ್ ಸೇರಿದಾಗಲೂ ಏಳು ಅಂಶದಂತೆ ಇಳಿಸುತ್ತಾ ಶೇ. 75ಕ್ಕೆ ನಿಲ್ಲಿಸಿತು. ಈ ಮೆಟ್ಟಿಲುಗಳ ಪದ್ಧತಿ ನಾನು ಕಂಡ ನಿಯಮಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು. ಬೆಲೆ ಇಳಿಯುತ್ತದೆ ಎಂಬುದೂ, ಯಾವಾಗ ಇಳಿಯುತ್ತದೆ ಎಂಬುದೂ, ಎಲ್ಲಿ ನಿಲ್ಲುತ್ತದೆ ಎಂಬುದೂ ಎಲ್ಲರಿಗೂ ಮೊದಲೇ ಗೊತ್ತು.

ಕ್ಯಾಲಿಫೋರ್ನಿಯ 2023ರ ಏಪ್ರಿಲ್ 15ರಿಂದ ಹೊಸಬರಿಗೆ ನೆಟ್ ಬಿಲ್ಲಿಂಗ್ ತಂದಿತು. ಹೊರಹೋಗುವ ಯೂನಿಟ್ಟಿನ ಬೆಲೆ ಸರಾಸರಿ ಮುಕ್ಕಾಲು ಪಾಲು ಕುಸಿಯಿತು. ಹೊಸ ಅರ್ಜಿಗಳು ದಿಢೀರನೆ ಬಿದ್ದು, ಕೆಲಸಗಾರರು ಬೀದಿಗೆ ಬಂದರು. ಆದರೆ ಅಲ್ಲಿಯ ಹೊಸ ದರ ಗಂಟೆಗೊಂದು ಬೆಲೆ ಹೇಳುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಹೊರಕಳಿಸಿದ ಯೂನಿಟ್ಟಿಗೆ ಮಧ್ಯಾಹ್ನದ ಯೂನಿಟ್ಟಿನ ಎಷ್ಟೋ ಪಟ್ಟು. ಹಾಗಾಗಿ ಹೊಸದಾಗಿ ಫಲಕ ಹಾಕಿಸುವವರಲ್ಲಿ ಬಹುಪಾಲು ಜನ ಈಗ ಬ್ಯಾಟರಿ ಸಮೇತ ಹಾಕಿಸುತ್ತಾರೆ. ಬೆಲೆ ಬದಲಾದ ಕೂಡಲೇ ತಾರಸಿಯ ಯಂತ್ರವೇ ಬದಲಾಯಿತು.

ಪಾಕಿಸ್ತಾನದಿಂದ ಕಲಿಯುವುದು ಬೇರೆ ಇದೆ. ಅಲ್ಲಿ ಸ್ಥಾವರಗಳಿಗೆ ಕೊಡಬೇಕಾದ ನಿಗದಿತ ಹಣದ ಹೊರೆಯಿಂದ ವಿದ್ಯುತ್ ದರ ಏರಿ ಏರಿ ಜನ ಬೇಸತ್ತರು. ಅದೇ ಹೊತ್ತಿಗೆ ಚೀನಾದ ಫಲಕಗಳು ಅಗ್ಗವಾದವು. 2024ರ ಒಂದೇ ವರ್ಷದಲ್ಲಿ ಸುಮಾರು 17 ಗಿಗಾವಾಟ್ ಫಲಕಗಳು ಆ ದೇಶಕ್ಕೆ ಬಂದವು. ಇವುಗಳಲ್ಲಿ ನೆಟ್ ಮೀಟರಿಂಗ್ ಪಟ್ಟಿಗೆ ಸೇರಿದವು ಸಣ್ಣ ಪಾಲು. ಉಳಿದವು ಹೊಲಗಳ ಕೊಳವೆಬಾವಿಗಳ ಬಳಿ, ಕಾರ್ಖಾನೆಗಳ ಮೇಲೆ, ಯಾರ ಅನುಮತಿಯನ್ನೂ ಕೇಳದೆ ಕುಳಿತವು. ಸರ್ಕಾರ 2025ರ ಮಾರ್ಚಿಯಲ್ಲಿ ಮಿಕ್ಕ ಯೂನಿಟ್ಟಿನ ಬೆಲೆಯನ್ನು ಅಲ್ಲಿಯ 27 ರೂಪಾಯಿಯಿಂದ 10 ರೂಪಾಯಿಗೆ ಇಳಿಸುವ ಪ್ರಸ್ತಾವ ತಂದಾಗ ದೊಡ್ಡ ಗದ್ದಲವೆದ್ದಿತು. ಬೆಲೆ ಇಳಿಸಿದರೆ ಫಲಕ ನಿಲ್ಲುತ್ತದೆ ಎಂದು ನಂಬಿದವರು ಆ ದೇಶದ ತಾರಸಿಗಳನ್ನು ನೋಡಬೇಕು. ಗ್ರಿಡ್ಡಿನ ದರ ಹಿಡಿತ ತಪ್ಪಿದರೆ ಜನ ಮೀಟರಿನ ಹಿಂದೆ ಅಡಗುತ್ತಾರೆ, ಬ್ಯಾಟರಿ ಕೊಳ್ಳುತ್ತಾರೆ, ಕೊನೆಗೆ ಗ್ರಿಡ್ಡಿನಿಂದಲೇ ಕಳಚಿಕೊಳ್ಳುತ್ತಾರೆ. ಮನೆಯನ್ನು ಗ್ರಿಡ್ಡಿನೊಳಗೆ, ಲೆಕ್ಕದೊಳಗೆ ಉಳಿಸಿಕೊಳ್ಳುವ ದಾರವೂ ನೆಟ್ ಮೀಟರಿಂಗೇ.

ಕರ್ನಾಟಕಕ್ಕೆ ಮರಳೋಣ. ಇಲ್ಲಿ ಕಳೆದ ಕೆಲವು ವರ್ಷಗಳಲ್ಲಿ ತಾರಸಿ ಸೌರದ ಲೆಕ್ಕವನ್ನು ಹೆಚ್ಚು ಅಲುಗಾಡಿಸಿದ್ದು ನೆಟ್ ಮೀಟರಿಂಗ್ ಆದೇಶಗಳಲ್ಲ. 2023ರ ಜುಲೈಯಿಂದ ಗೃಹಜ್ಯೋತಿ ಜಾರಿಗೆ ಬಂತು: 200 ಯೂನಿಟ್ ಒಳಗೆ, ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟರ ಮಿತಿಯಲ್ಲಿ ಬಳಸುವ ಮನೆಗೆ ಬಿಲ್ಲೇ ಇಲ್ಲ. ಬಡ ಮನೆಗೆ ಅದು ಕೊಟ್ಟ ನೆಮ್ಮದಿಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬಿಲ್ಲೇ ಇಲ್ಲದ ಮನೆಗೆ ಫಲಕದಿಂದ ಉಳಿಯುವುದೇನು? ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂದು 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತಿದೆ, 10 ಕಿಲೋವಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಪರಿಶೀಲನೆಯೂ ಬೇಡವೆಂದು ಕೇಂದ್ರದ ನಿಯಮ ಹೇಳುತ್ತದೆ. ಒಂದು ಕೈ ಫಲಕ ಹಾಕಿ ಎನ್ನುತ್ತದೆ, ಇನ್ನೊಂದು ಕೈ ಹಾಕುವ ಕಾರಣವನ್ನೇ ತೆಗೆಯುತ್ತದೆ.

ಎರಡನೆಯ ಬದಲಾವಣೆ ಇನ್ನೂ ಸದ್ದಿಲ್ಲದೆ ಬಂತು. 2024ರ ಏಪ್ರಿಲ್‌ಗೆ ಮುಂಚೆ 100 ಯೂನಿಟ್ ಮೀರಿ ಬಳಸುವ ಮನೆ ಯೂನಿಟ್ಟಿಗೆ 7 ರೂಪಾಯಿ ಕೊಡುತ್ತಿತ್ತು. ಸ್ಲ್ಯಾಬ್‌ಗಳನ್ನು ತೆಗೆದು ಎಲ್ಲರಿಗೂ 5 ರೂ. 90 ಪೈಸೆ ಮಾಡಿದರು, ಮರುವರ್ಷ 5 ರೂ. 80 ಪೈಸೆ. ನಿಗದಿತ ಶುಲ್ಕ ಮಾತ್ರ ಏರುತ್ತಾ ಬಂತು. ಹೆಚ್ಚು ಬಳಸುವ ಮನೆಗೆ ಇದು ಸಂತೋಷದ ಸುದ್ದಿ. ಸೌರ ಫಲಕಕ್ಕೆ ಎರಡು ಪೆಟ್ಟು: ಅದು ಉಳಿಸಬಲ್ಲ ಯೂನಿಟ್ಟಿನ ಬೆಲೆ ಇಳಿಯಿತು, ಅದು ಮುಟ್ಟಲಾರದ ಶುಲ್ಕ ಏರಿತು. ನೆಟ್ ಮೀಟರಿಂಗ್ ನಿಯಮದ ಒಂದು ಅಕ್ಷರ ತಿದ್ದದೆಯೂ ತಾರಸಿಗಳ ಲೆಕ್ಕ ಕೆಡಬಹುದು ಎನ್ನಲು ಇದಕ್ಕಿಂತ ನೇರ ನಿದರ್ಶನ ಬೇಡ.

ದಾರಿ ಇಲ್ಲವೆಂದಲ್ಲ. ರಾಜಸ್ಥಾನ 2025ರ ಬಜೆಟ್‌ನಲ್ಲಿ ತನ್ನ 100 ಯೂನಿಟ್ ಉಚಿತ ಯೋಜನೆಯನ್ನು ತಾರಸಿ ಫಲಕಗಳಿಗೆ ಜೋಡಿಸಿ, ಫಲಕ ಹಾಕಿಸಿಕೊಳ್ಳುವ ಮನೆಗೆ 150 ಯೂನಿಟ್ ಉಚಿತ ಎಂದು ಘೋಷಿಸಿತು. ನಮ್ಮಲ್ಲೂ ಹಾಗೆ ಯೋಚಿಸಬಹುದು. ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ 1 ಕಿಲೋವಾಟ್ ಫಲಕ ಸಾಕು. ಅದರ ಬಿಲ್ಲನ್ನು ಸರ್ಕಾರ ವರ್ಷಗಟ್ಟಲೆ ಎಸ್ಕಾಂಗೆ ಕಟ್ಟುವ ಬದಲು, ಕೆಲವು ವರ್ಷಗಳ ಆ ಹಣವನ್ನೇ ಫಲಕವಾಗಿ ಕೊಟ್ಟರೆ ಮನೆಗೆ ಉಚಿತ ವಿದ್ಯುತ್ತು ಮುಂದುವರಿಯುತ್ತದೆ, ಖಜಾನೆಯ ಹೊರೆಗೆ ಕೊನೆಯೂ ಇರುತ್ತದೆ. ಆ ಮನೆಗೆ ತಾರಸಿ ಇಲ್ಲದಿದ್ದರೆ? ದೆಹಲಿ 2019ರಲ್ಲೇ ಒಂದೆಡೆ ಹಾಕಿದ ಫಲಕದ ಯೂನಿಟ್ಟುಗಳನ್ನು ಹಲವು ಮೀಟರುಗಳಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್ ತಂದಿತು. ಶಾಲೆಯ ಚಾವಣಿ, ಸಮುದಾಯ ಭವನದ ಚಾವಣಿ ಊರಿನವರದಾಗಬಹುದು.

ನನ್ನ ತೀರ್ಮಾನ ಹೀಗಿದೆ. 10 ಕಿಲೋವಾಟ್‌ಗಿಂತ ಕೆಳಗಿನ ಮನೆಗಳಿಗೆ ನೆಟ್ ಮೀಟರಿಂಗ್ ಸದ್ಯಕ್ಕೆ ಹಾಗೆಯೇ ಇರಲಿ, ಚುಕ್ತಾ ವರ್ಷಕ್ಕೊಮ್ಮೆ ಆಗಲಿ. ಮಾಲ್, ಕಾರ್ಖಾನೆಗಳ ದೊಡ್ಡ ಘಟಕಗಳಿಗೆ ಹೊತ್ತಿಗೆ ತಕ್ಕ ಬೆಲೆ ಬರಲಿ. ಮಧ್ಯಾಹ್ನ ಕಡಿಮೆ, ಸಂಜೆ ಹೆಚ್ಚು. ಹಾಗೆ ಮಾಡಿದರೆ ಬ್ಯಾಟರಿಯ ಬಂಡವಾಳವನ್ನು ಹಾಕಬಲ್ಲವರೇ ಹಾಕುತ್ತಾರೆ. ಬೆಲೆ ಇಳಿಸಬೇಕಾದ ದಿನ ಬಂದರೆ ನೆವಾಡದ ಮೆಟ್ಟಿಲುಗಳಂತೆ ಇಳಿಯಲಿ, 25 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದವರನ್ನು ಮುಟ್ಟದಿರಲಿ.

ಈ ಬೆಲೆಗಳನ್ನು ಗೊತ್ತುಮಾಡುವ ಸಭೆ ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ನಡೆಯುವುದಿಲ್ಲ. ಎಸ್ಕಾಂಗಳು ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಆಯೋಗ ಅದರ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವಂತೆ ಮಾಡುತ್ತದೆ, ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಿಯೇ ಆದೇಶ ಹೊರಡಿಸಬೇಕೆಂದು ಹೇಳುತ್ತದೆ. ಅಲ್ಲಿಗೆ ಕೈಗಾರಿಕೆಗಳ ಸಂಘದವರು ಬರುತ್ತಾರೆ, ರೈತ ಸಂಘದವರು ಬರುತ್ತಾರೆ. ತಾರಸಿ ಇರುವ ಸಾಮಾನ್ಯ ಗೃಹಸ್ಥರೂ, ತಾರಸಿ ಇಲ್ಲದ ಬಾಡಿಗೆದಾರರೂ ಬರುವುದು ಕಡಿಮೆ. ಮುಂದಿನ ಪ್ರಕಟಣೆ ಪತ್ರಿಕೆಯಲ್ಲಿ ಕಂಡಾಗ ನಿಮ್ಮ ವಿದ್ಯುತ್ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪುಟದ ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆದು ಕಳಿಸಿ.